ಬ್ರೈಟನ್ ಪಕ್ಕದ ಪ್ಯಾಚಮ್ ಗುಡ್ಡದ ಛತ್ರಿ: ಭಾರತೀಯ ಸೈನಿಕರ ಸ್ಮಾರಕಕ್ಕೆ ಹೋಗಿಬರುವ ಬಗೆ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಂದ ಹಿರಿಯರು, ಓದಲು ಬಂದ ಹುಡುಗ ಹುಡುಗಿಯರು, ಕಂಪನಿ ಕೆಲಸದ ಮೇಲೆ ಬಂದು ಶನಿವಾರ ಭಾನುವಾರ ಎಲ್ಲಿಗೆ ಹೋಗುವುದೆಂದು ಹುಡುಕುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: "ಬ್ರೈಟನ್ ಹತ್ತಿರ ನಮ್ಮ ದೇಶದ ಸೈನಿಕರನ್ನು ಸುಟ್ಟ ಜಾಗದಲ್ಲಿ ಒಂದು ಸ್ಮಾರಕ ಇದೆಯಂತಲ್ಲ, ಅಲ್ಲಿಗೆ ಕಾರು ಹೋಗುತ್ತಾ? ಟಿಕೆಟ್ ಇದೆಯಾ? ವಯಸ್ಸಾದವರು ಹೋಗಬಹುದಾ?"

ಕಾರು ಹೋಗುವುದಿಲ್ಲ. ಟಿಕೆಟ್ ಇಲ್ಲ, ಕಾವಲುಗಾರನೂ ಇಲ್ಲ. ಗುಡ್ಡದ ಏರು ದಾರಿಯಲ್ಲಿ ಒಂದೂವರೆ ಎರಡು ಮೈಲಿ ನಿಧಾನಕ್ಕೆ ನಡೆಯಬಲ್ಲವರು ಹೋಗಬಹುದು. ಲಂಡನ್‌ನಿಂದ ಬೆಳಿಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಆರಾಮಾಗಿ ವಾಪಸ್ ಬರಬಹುದು.

ಇಷ್ಟೇ ಆಗಿದ್ದರೆ ಲೇಖನ ಬೇಕಿರಲಿಲ್ಲ. ಹೋದವರಲ್ಲಿ ಬಹಳ ಜನ ಬಿಳಿ ಗುಮ್ಮಟದ ಮುಂದೆ ಫೋಟೊ ತೆಗೆಸಿಕೊಂಡು ಹತ್ತೇ ನಿಮಿಷದಲ್ಲಿ ಗುಡ್ಡ ಇಳಿದುಬಿಡುತ್ತಾರೆ. ಅಲ್ಲಿ ನೋಡಬೇಕಾದ್ದು ಗುಮ್ಮಟದ ಕೆಳಗಿದೆ, ಪಕ್ಕದಲ್ಲಿದೆ. ಅದು ಗೊತ್ತಿಲ್ಲದೆ ಹೋದರೆ ಅಷ್ಟು ದೂರ ನಡೆದದ್ದು ಬರೀ ವಾಕಿಂಗ್ ಆಗುತ್ತದೆ.

1. ಹೊರಡುವ ಮುನ್ನ ಕಥೆ ತಿಳಿದುಕೊಳ್ಳಿ

ಸ್ಮಾರಕದ ಹತ್ತಿರ ಗೈಡ್ ಸಿಗುವುದಿಲ್ಲ, ಮೊಬೈಲ್ ನೆಟ್‌ವರ್ಕ್ ಕೈಕೊಡಲೂಬಹುದು. ಆದ್ದರಿಂದ ಇದನ್ನು ಮನೆಯಲ್ಲೇ ಓದಿಕೊಂಡು ಹೋಗಿ.

ಮೊದಲ ಮಹಾಯುದ್ಧ ಶುರುವಾದದ್ದು 1914ರ ಆಗಸ್ಟ್‌ನಲ್ಲಿ. ಸೆಪ್ಟೆಂಬರ್ ಮುಗಿಯುವುದರೊಳಗೆ ಬ್ರಿಟಿಷ್ ಇಂಡಿಯಾದ ಪಡೆಗಳು ಫ್ರಾನ್ಸ್‌ನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಿದ್ದವು. ಪಂಜಾಬಿಗಳು, ಗಡ್ವಾಲಿಗಳು, ಗೂರ್ಖರು, ಡೋಗ್ರರು, ಪಠಾಣರು. ಯುರೋಪಿನ ಚಳಿಗಾಲವನ್ನು ಕಂಡೇ ಇರದವರು ಬಹಳ ಮಂದಿ. ಅವರನ್ನು ಕೆಸರು ತುಂಬಿದ ಕಂದಕಗಳಿಗೆ ಇಳಿಸಿದರು. ಗಾಯಗೊಂಡವರನ್ನು ಹಡಗಿನಲ್ಲಿ ಇಂಗ್ಲಿಷ್ ಕಾಲುವೆ ದಾಟಿಸಿ ದಕ್ಷಿಣ ಇಂಗ್ಲೆಂಡಿಗೆ ತಂದು, ಅಲ್ಲಿಂದ ರೈಲಿನಲ್ಲಿ ಬ್ರೈಟನ್‌ಗೆ ಸಾಗಿಸುತ್ತಿದ್ದರು.

ಬ್ರೈಟನ್‌ನಲ್ಲಿ ಅವರಿಗಾಗಿ ಮೂರು ಕಡೆ ಆಸ್ಪತ್ರೆ ತೆರೆದರು. ಒಂದು ರಾಯಲ್ ಪೆವಿಲಿಯನ್ ಅರಮನೆ ಮತ್ತು ಅದಕ್ಕೆ ಸೇರಿದ ಡೋಮ್ ಎಂಬ ಗುಮ್ಮಟದ ಕಟ್ಟಡ. ಇನ್ನೊಂದು ಯಾರ್ಕ್ ಪ್ಲೇಸ್‌ನ ಶಾಲೆ. ಮೂರನೆಯದು ಊರಿನ ಬಡವರನ್ನು ಇಟ್ಟು ದುಡಿಸಿಕೊಳ್ಳುತ್ತಿದ್ದ ವರ್ಕ್‌ಹೌಸ್. ಅದಕ್ಕೆ ಕಿಚನರ್ ಇಂಡಿಯನ್ ಆಸ್ಪತ್ರೆ ಎಂದು ಹೆಸರು ಬದಲಿಸಿದರು. ಒಟ್ಟು ಸುಮಾರು 12,000 ಭಾರತೀಯ ಸೈನಿಕರು ಬ್ರೈಟನ್‌ನಲ್ಲಿ ಚಿಕಿತ್ಸೆ ಪಡೆದರು ಎನ್ನುವುದು ಎಲ್ಲರೂ ಉಲ್ಲೇಖಿಸುವ ಲೆಕ್ಕ.

ಬದುಕದೆ ಹೋದವರೂ ಇದ್ದರು. ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆ ಪ್ಯಾಚಮ್ ಗುಡ್ಡದ ಮೇಲೆ, ಅವರವರ ಜನರೇ ನಿಂತು ಬಯಲಿನಲ್ಲಿ ಸೌದೆ ಒಟ್ಟಿ ದಹನ ಮಾಡಿದರು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಹೀಗೆ ಅಲ್ಲಿ ಸುಟ್ಟವರು 53 ಮಂದಿ. ಮುಸ್ಲಿಂ ಸೈನಿಕರನ್ನು ಸರ್ರಿ ಜಿಲ್ಲೆಯ ವೋಕಿಂಗ್‌ಗೆ ಒಯ್ದು ಮಣ್ಣು ಮಾಡಿದರು. ಆ ಮಾತು ಕೊನೆಯಲ್ಲಿ ಬರುತ್ತದೆ.

ಆ ಜಾಗದಲ್ಲಿ ಒಂದು ಸ್ಮಾರಕ ಬೇಕೆಂದು 1915ರಲ್ಲಿ ಬ್ರೈಟನ್ ಮೇಯರ್ ಜಾನ್ ಆಟರ್ ಅವರ ಮುಂದೆ ಮಾತೆತ್ತಿದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಲೆಫ್ಟಿನೆಂಟ್ ದಾಸ್ ಗುಪ್ತ. ಇದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಸ್ಮಾರಕವನ್ನು ಬ್ರಿಟಿಷರೇ ಯೋಚಿಸಿ ದಯಪಾಲಿಸಿದರು ಎಂಬಂತೆ ಹೇಳುವವರು ಸಿಗುತ್ತಾರೆ. ನಕ್ಷೆ ಬರೆದವನೂ ಬೊಂಬಾಯಿಯ ಒಬ್ಬ ವಾಸ್ತುಶಿಲ್ಪ ವಿದ್ಯಾರ್ಥಿ, ಇ.ಸಿ. ಹೆನ್ರಿಕೆಸ್. ಮೇಲುಸ್ತುವಾರಿ ವಹಿಸಿದ್ದು ಸ್ಯಾಮ್ಯುಯೆಲ್ ಸ್ವಿಂಟನ್ ಜೇಕಬ್, ಅಂದರೆ ಜೈಪುರದ ಆಲ್ಬರ್ಟ್ ಹಾಲ್ ಕಟ್ಟಿಸಿದವರು. ಇಂಡಿಯಾ ಆಫೀಸ್ ಮತ್ತು ಬ್ರೈಟನ್ ಪುರಸಭೆ ಖರ್ಚು ಹಂಚಿಕೊಂಡವು. ಇಂಡಿಯಾ ಆಫೀಸ್ ಎಂದರೆ ಲಂಡನ್‌ನಲ್ಲಿ ಕೂತು ಭಾರತದ ಆಡಳಿತ ನೋಡುತ್ತಿದ್ದ ಇಲಾಖೆ. 1921ರ ಫೆಬ್ರವರಿ 1ರಂದು ಯುವರಾಜ ಎಡ್ವರ್ಡ್ ಇದನ್ನು ಅನಾವರಣ ಮಾಡಿದ.

ಛತ್ರಿ ಎಂದರೆ ಇಲ್ಲಿ ಕೊಡೆಯಲ್ಲ. ರಾಜಸ್ಥಾನದ ಕಡೆ ರಾಜಮನೆತನದವರನ್ನು ದಹನ ಮಾಡಿದ ಜಾಗದಲ್ಲಿ ಕಟ್ಟುವ, ಕಂಬಗಳ ಮೇಲೆ ಗುಮ್ಮಟವಿರುವ ಮಂಟಪ.

2. ದಿನ ಮತ್ತು ಕಾಲ ಗೊತ್ತುಮಾಡಿ

ನನ್ನ ಆಯ್ಕೆ ಮೇ, ಜೂನ್ ಅಥವಾ ಸೆಪ್ಟೆಂಬರ್. ಹಗಲು ಉದ್ದ, ನೆಲ ಸ್ವಲ್ಪ ಒಣಗಿರುತ್ತದೆ. ಡಿಸೆಂಬರ್ ಜನವರಿಯಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಗುಡ್ಡದ ದಾರಿಯಲ್ಲಿ ಒಂದು ದೀಪವೂ ಇಲ್ಲ. ಚಳಿಗಾಲದಲ್ಲೇ ಹೋಗಬೇಕೆಂದರೆ ಹನ್ನೊಂದು ಗಂಟೆಗೆ ನಡಿಗೆ ಶುರುವಾಗಿರಬೇಕು, ಎರಡೂವರೆಗೆ ಇಳಿದಿರಬೇಕು.

ಪ್ರತಿ ವರ್ಷ ಜೂನ್‌ನ ಒಂದು ಭಾನುವಾರ, ಸಾಮಾನ್ಯವಾಗಿ ಎರಡನೆಯ ಭಾನುವಾರ, ಛತ್ರಿಯ ಬಳಿ ಸ್ಮರಣೆಯ ಸಭೆ ನಡೆಯುತ್ತದೆ. ಯಾರು ಬೇಕಾದರೂ ಬರಬಹುದು. ಸಿಖ್ಖರು, ನಿವೃತ್ತ ಸೈನಿಕರು, ಊರಿನ ಜನ ಎಲ್ಲ ಸೇರುತ್ತಾರೆ, ಹೂವಿನ ಚಕ್ರ ಇಡುತ್ತಾರೆ. ಮೊದಲ ಸಲ ಹೋಗುವವರಿಗೆ ಆ ದಿನ ಒಳ್ಳೆಯದೋ ಖಾಲಿ ದಿನ ಒಳ್ಳೆಯದೋ ಎಂದು ಕೇಳಿದರೆ, ಒಬ್ಬರೇ ಹೋಗಲು ಅಂಜುವವರಿಗೆ ಜೂನ್ ಸಭೆ, ಕಲ್ಲಿನ ಮೇಲಿನ ಬರಹವನ್ನು ನಿಂತು ಓದಬೇಕೆನ್ನುವವರಿಗೆ ವಾರದ ನಡುವಿನ ಯಾವುದಾದರೂ ದಿನ. ಸಭೆಯ ದಿನಾಂಕವನ್ನು ಆಯಾ ವರ್ಷ ನೋಡಿಕೊಂಡೇ ಹೊರಡಿ.

ನವೆಂಬರ್ 11 ಯುದ್ಧ ನಿಂತ ದಿನ. ಇಂಗ್ಲೆಂಡಿನಲ್ಲೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಮೌನ ಇರುತ್ತದೆ, ಜನ ಎದೆಯ ಮೇಲೆ ಕೆಂಪು ಗಸಗಸೆ ಹೂವಿನ ಗುರುತು ಚುಚ್ಚಿಕೊಂಡಿರುತ್ತಾರೆ. ಆ ವಾರ ಹೋಗುವುದಾದರೆ ಮಳೆಗೆ ತಯಾರಾಗಿ.

3. ಜೊತೆಗೆ ಏನೇನು ಬೇಕು

ಹಿಡಿತವಿರುವ ಶೂ. ಇದನ್ನು ಮೊದಲು ಬರೆಯುತ್ತಿರುವುದಕ್ಕೆ ಕಾರಣ ಇದೆ. ಈ ಗುಡ್ಡಸಾಲಿಗೆ ಸೌತ್ ಡೌನ್ಸ್ ಎಂದು ಹೆಸರು, ನೆಲದಡಿ ಇರುವುದೆಲ್ಲ ಸೀಮೆಸುಣ್ಣದ ಬಂಡೆ. ಮಳೆ ಬಿದ್ದರೆ ಆ ಬಿಳಿ ಮಣ್ಣು ಸೋಪು ಹಚ್ಚಿದ ಹಾಗೆ ಜಾರುತ್ತದೆ. ಅಮ್ಮಂದಿರು ಸೀರೆಯ ಕೆಳಗೆ ಚಪ್ಪಲಿ ಹಾಕಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ವಾಪಸ್ ಬರಬೇಕಾಗುತ್ತದೆ. ಸೀರೆಯೇ ಬೇಕೆಂದರೆ ಸ್ವಲ್ಪ ಮೇಲಕ್ಕೆ ಉಟ್ಟು ಕ್ಯಾನ್ವಾಸ್ ಶೂ ಹಾಕಿಸಿ.

ಮೇಲೆ ಗಾಳಿ ಜೋರು, ಮರದ ನೆರಳು ಕಡಿಮೆ. ಗಾಳಿ ತಡೆಯುವ ಜಾಕೆಟ್ ಬೇಸಿಗೆಯಲ್ಲೂ ಇರಲಿ. ಕೊಡೆ ಪ್ರಯೋಜನಕ್ಕೆ ಬಾರದು, ಗಾಳಿಗೆ ತಿರುವಿಕೊಳ್ಳುತ್ತದೆ. ಉದ್ದ ಪ್ಯಾಂಟು ಹಾಕಿ, ಏಕೆಂದರೆ ಉದ್ದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳು ಇರುತ್ತವೆ. ಮನೆಗೆ ಬಂದ ಮೇಲೆ ಕಾಲು, ಮೊಣಕಾಲ ಹಿಂಭಾಗ ಒಮ್ಮೆ ನೋಡಿಕೊಳ್ಳಿ.

ಕುಡಿಯುವ ನೀರು ಹೊತ್ತೇ ಹೋಗಬೇಕು. ಅಂಗಡಿ ಇಲ್ಲ, ಟೀ ಇಲ್ಲ, ಶೌಚಾಲಯವೂ ಇಲ್ಲ. ಕೊನೆಯದನ್ನು ರೈಲು ನಿಲ್ದಾಣದಲ್ಲೇ ಮುಗಿಸಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಬಹುದು, ಆದರೆ ಸ್ಮಾರಕದ ಆವರಣದೊಳಗೆ ಬಿಚ್ಚಬೇಡಿ. ಸ್ವಲ್ಪ ಈಚೆ ಹುಲ್ಲಿನ ಮೇಲೆ ಕೂತು ತಿನ್ನಿ, ಸಿಪ್ಪೆ ಕಾಗದ ಎಲ್ಲ ಚೀಲಕ್ಕೇ ಹಾಕಿಕೊಂಡು ಬನ್ನಿ.

ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಕಾಗದದ ನಕ್ಷೆ ಇಷ್ಟಪಡುವವರಿಗೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯಲ್ಲಿ ಓಎಲ್ 11 ಸಂಖ್ಯೆಯ ಹಾಳೆ ಬೇಕು. ಆರ್ಡ್‌ನೆನ್ಸ್ ಸರ್ವೆ ಅಂದರೆ ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ. ಕಾಲುದಾರಿಗಳೆಲ್ಲ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

4. ಬ್ರೈಟನ್‌ವರೆಗೆ ರೈಲು

ಲಂಡನ್ ವಿಕ್ಟೋರಿಯಾದಿಂದ ಸದರ್ನ್ ಕಂಪನಿಯ ರೈಲು, ಸೇಂಟ್ ಪ್ಯಾಂಕ್ರಾಸ್, ಬ್ಲ್ಯಾಕ್‌ಫ್ರಯರ್ಸ್, ಲಂಡನ್ ಬ್ರಿಡ್ಜ್ ಕಡೆಯಿಂದ ಥೇಮ್ಸ್‌ಲಿಂಕ್ ಕಂಪನಿಯ ರೈಲು. ವಿಕ್ಟೋರಿಯಾದಿಂದ ಸುಮಾರು ಒಂದು ಗಂಟೆ. ಗ್ಯಾಟ್‌ವಿಕ್ ವಿಮಾನ ನಿಲ್ದಾಣ ಇದೇ ಹಳಿಯ ಮೇಲಿದೆ, ಅಲ್ಲಿಂದ ಅರ್ಧ ಗಂಟೆ.

ಜನ ಎಡವುವುದು ಟಿಕೆಟ್ಟಿನಲ್ಲಿ. ಲಂಡನ್ನಿನ ಬಸ್ಸು ರೈಲುಗಳಲ್ಲಿ ತಾಗಿಸುವ ಆಯ್‌ಸ್ಟರ್ ಕಾರ್ಡ್ ಬ್ರೈಟನ್‌ವರೆಗೆ ನಡೆಯುವುದಿಲ್ಲ. ಅದನ್ನೇ ತಾಗಿಸಿ ಹತ್ತಿದರೆ ದಂಡ ಬಿದ್ದೀತು. ಎರಡನೆಯದು, ಅಗ್ಗದ ಟಿಕೆಟ್ಟುಗಳಲ್ಲಿ ಕೆಲವು ಒಂದೇ ಕಂಪನಿಯ ರೈಲಿಗೆ ಮಾತ್ರ ಸಲ್ಲುತ್ತವೆ. ಟಿಕೆಟ್ಟಿನ ಮೇಲೆ ಕಂಪನಿ ಹೆಸರು ಅಚ್ಚಾಗಿದ್ದರೆ ಬೇರೆ ಕಂಪನಿಯ ರೈಲು ಹತ್ತಬೇಡಿ. ಆಫ್-ಪೀಕ್ ಅಂದರೆ ಜನದಟ್ಟಣೆ ಇಲ್ಲದ ಹೊತ್ತಿನ ಅಗ್ಗದ ಟಿಕೆಟ್. ವಾರದ ದಿನಗಳಲ್ಲಿ ಬೆಳಗಿನ ರಶ್ ಕಳೆದ ಮೇಲೆ, ಶನಿವಾರ ಭಾನುವಾರ ಇಡೀ ದಿನ ಸಿಗುತ್ತದೆ. ಮೂವರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ಗ್ರೂಪ್‌ಸೇವ್ ಎಂಬ ರಿಯಾಯಿತಿಯಲ್ಲಿ ಮೂರನೇ ಒಂದು ಪಾಲು ಉಳಿಯುತ್ತದೆ. ಅಪ್ಪ, ಅಮ್ಮ, ಮಗ, ಸೊಸೆ ಹೊರಟಿದ್ದರೆ ಕೇಳಲು ಮರೆಯಬೇಡಿ.

ಭಾನುವಾರ ಹಳಿ ದುರಸ್ತಿ ಇದ್ದರೆ ನಡುವೆ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ. ಹಿಂದಿನ ರಾತ್ರಿ ಒಮ್ಮೆ ವೇಳಾಪಟ್ಟಿ ನೋಡಿದರೆ ಸಾಕು.

5. ಪ್ಯಾಚಮ್, ಅಲ್ಲಿಂದ ಗುಡ್ಡ

ಪ್ಯಾಚಮ್ ಹಿಂದೆ ಬೇರೆ ಹಳ್ಳಿ, ಈಗ ಬ್ರೈಟನ್ನಿನ ಉತ್ತರದ ಅಂಚು. ಬ್ರೈಟನ್ ಪೇಟೆಯಿಂದ ಪ್ಯಾಚಮ್ ಕಡೆಗೆ ಸಿಟಿ ಬಸ್ ಇದೆ. ಬ್ಯಾಂಕ್ ಕಾರ್ಡನ್ನೇ ಹತ್ತುವಾಗ ತಾಗಿಸಬಹುದು. ಇಳಿಯುವ ಕಡೆಯೂ ತಾಗಿಸುವ ಯಂತ್ರ ಇದ್ದರೆ ಮತ್ತೆ ತಾಗಿಸಿ, ಇಲ್ಲದಿದ್ದರೆ ಪೂರ್ತಿ ದಾರಿಯ ಹಣ ಹೋದೀತು.

ಕಾರಿನಲ್ಲಿ ಬರುವವರಿಗೆ ಒಂದು ಎಚ್ಚರಿಕೆ. ಸ್ಮಾರಕದ ಹೆಸರು ಹಾಕಿ ಕಾರಿನ ದಾರಿ ಕೇಳಿದರೆ ಮ್ಯಾಪು ನಿಮ್ಮನ್ನು ಹತ್ತಿರದ ಟಾರು ರಸ್ತೆಗೆ ತಂದು ನಿಲ್ಲಿಸುತ್ತದೆ. ಹತ್ತಿರದ ಟಾರು ರಸ್ತೆ ಎಂದರೆ ಎ27 ಹೆದ್ದಾರಿಯೂ ಆಗಬಹುದು, ಅಲ್ಲಿ ವಾಹನಗಳು ನುಗ್ಗಿಬರುವ ವೇಗಕ್ಕೆ ಕಾರು ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಅದರ ಬದಲು ಬ್ರೇಪೂಲ್ ಲೇನ್ ಎಂದು ಹಾಕಿ. ಎ23 ಮತ್ತು ಎ27 ಕೂಡುವಲ್ಲಿಗೆ ಹತ್ತಿರದ ಸಣ್ಣ ರಸ್ತೆ ಅದು. ಯಾರ ಗೇಟಿಗೂ ಅಡ್ಡವಾಗದಂತೆ ಕಾರು ನಿಲ್ಲಿಸಿ ನಡೆಯಲು ಶುರುಮಾಡಿ.

ಪ್ಯಾಚಮ್‌ನಿಂದ ನಡೆದು ಬಂದರೂ ಎ27 ದಾಟಲೇಬೇಕು. ಸೇತುವೆ ಇದೆ, ಅದರಲ್ಲೇ ದಾಟಿ. ಆಮೇಲೆ ದಾರಿ ಹೊಲ, ಹುಲ್ಲುಗಾವಲುಗಳ ನಡುವೆ ಉತ್ತರಕ್ಕೆ ಏರುತ್ತ ಹೋಗುತ್ತದೆ. ಹೆದ್ದಾರಿಯಿಂದ ಛತ್ರಿಗೆ ಒಂದು ಮೈಲಿಯ ಆಸುಪಾಸು, ಅಂದರೆ ಒಂದೂವರೆ ಕಿಲೋಮೀಟರಿಗೆ ತುಸು ಹೆಚ್ಚು. ಗಟ್ಟಿ ಕಾಲಿನವರಿಗೆ ಅರ್ಧ ಗಂಟೆ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುವವರಿಗೆ ಮುಕ್ಕಾಲು ಗಂಟೆ. ಬಸ್ಸಿಳಿದು ಬರುವವರು ಪ್ಯಾಚಮ್ ಊರೊಳಗಿನ ನಡಿಗೆಯನ್ನೂ ಸೇರಿಸಿಕೊಳ್ಳಿ.

ದಾರಿಯ ಗುರುತು ಓದುವುದು ಸುಲಭ. ಕಂಬಗಳ ಮೇಲೆ ಬಾಣದ ಗುರುತು ಇರುತ್ತದೆ. ಹಳದಿ ಬಾಣ ಇದ್ದರೆ ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಬ್ರೈಡಲ್‌ವೇ, ಅಂದರೆ ಕುದುರೆ ಸವಾರರೂ ಸೈಕಲ್ಲಿನವರೂ ಬರಬಹುದಾದ ದಾರಿ. ನೀವು ಹಿಡಿಯಬೇಕಾದ್ದು ಬ್ರೈಡಲ್‌ವೇ. ಎದುರಿಗೆ ಕುದುರೆ ಬಂದರೆ ಪಕ್ಕಕ್ಕೆ ಸರಿದು ಸುಮ್ಮನೆ ನಿಲ್ಲಿ. ಫೋಟೊಕ್ಕೆಂದು ಎದುರು ಹೋಗಿ ಬೆದರಿಸಬೇಡಿ.

ಗೇಟುಗಳ ವಿಷಯದಲ್ಲಿ ಒಂದೇ ನಿಯಮ: ತೆರೆದದ್ದನ್ನು ನಿಮ್ಮ ಹಿಂದೆ ಮುಚ್ಚಿ. ಸುತ್ತ ಕುರಿ, ದನ ಮೇಯುತ್ತಿರುತ್ತವೆ. ಕರು ಹಾಕಿದ ಹಸುಗಳ ನಡುವೆ ನುಗ್ಗದೆ ಸುತ್ತಿಕೊಂಡು ಹೋಗಿ. ನಮ್ಮೂರಿನ ಹಸುವಿನಂತೆ ಮೈ ಸವರಿಸಿಕೊಳ್ಳುವ ಪ್ರಾಣಿಗಳಲ್ಲ ಇವು. ನಾಯಿ ಜೊತೆಗಿದ್ದರೆ ಹಗ್ಗ ಬಿಡಬೇಡಿ.

ಇನ್ನೊಂದು ದಾರಿ ಉತ್ತರದ ಕ್ಲೇಟನ್ ಊರಿನ ಮೇಲಿರುವ ಜ್ಯಾಕ್ ಅಂಡ್ ಜಿಲ್ ಎಂಬ ಜೋಡಿ ಗಾಳಿಗಿರಣಿಗಳ ಕಡೆಯಿಂದ ಬರುತ್ತದೆ. ಅಂದವಾದ ದಾರಿ, ಆದರೆ ಹೆಚ್ಚು ದೂರ. ಚಾರಣದ ಅಭ್ಯಾಸವಿದ್ದವರು ಅಲ್ಲಿಂದ ಶುರುಮಾಡಿ ಛತ್ರಿ ನೋಡಿಕೊಂಡು ಪ್ಯಾಚಮ್‌ಗೆ ಇಳಿಯಬಹುದು.

6. ಮೇಲೆ ತಲುಪಿದ ಮೇಲೆ ಏನು ನೋಡಬೇಕು

ಕಣ್ಣಿಗೆ ಮೊದಲು ಬೀಳುವುದು ಗುಮ್ಮಟ. ಇಪ್ಪತ್ತೊಂಬತ್ತು ಅಡಿ ಎತ್ತರ, ಸಿಸಿಲಿಯಿಂದ ತಂದ ಬಿಳಿ ಅಮೃತಶಿಲೆ. ಆದರೆ ನೇರ ಅಲ್ಲಿಗೆ ಹತ್ತಬೇಡಿ. ಮೊದಲು ಅದರ ಕೆಳಗೆ ನೆಲದ ಮೇಲಿರುವ ಮೂರು ದೊಡ್ಡ ಗ್ರಾನೈಟ್ ಚಪ್ಪಡಿಗಳ ಹತ್ತಿರ ಹೋಗಿ. ಚಿತೆ ಒಟ್ಟುತ್ತಿದ್ದದ್ದು ಅಲ್ಲಿಯೇ. ದಹನಕ್ಕೆಂದು ಹಾಕಿದ್ದ ಕಾಂಕ್ರೀಟ್ ಕಟ್ಟೆಗಳ ಮೇಲೆ ಈ ಕಲ್ಲುಗಳನ್ನು ಹೊದಿಸಿದ್ದಾರೆ. ಮಂಟಪಕ್ಕೆ ಕಾರಣವೇ ಈ ಚಪ್ಪಡಿಗಳು. ಜನ ಕೂತು ಬುತ್ತಿ ಬಿಚ್ಚುವುದೂ ಮಕ್ಕಳು ಹತ್ತಿ ನೆಗೆಯುವುದೂ ಇವುಗಳ ಮೇಲೆಯೇ, ಚಪ್ಪಟೆಯಾಗಿ ಬೆಂಚಿನಂತೆ ಅನುಕೂಲವಾಗಿರುವುದೇ ಅದಕ್ಕೆ ಕಾರಣ. ಮಕ್ಕಳಿಗೆ ಮೊದಲೇ ಹೇಳಿಡಿ.

ಆಮೇಲೆ ಮೇಲಕ್ಕೆ ಹೋಗಿ ಕಂಬಗಳನ್ನು ನೋಡಿ. ಎಂಟು ಕಂಬ. ಬುಡದಲ್ಲಿ ಚೌಕ, ಮೇಲೇರಿದಂತೆ ಮೂಲೆ ಮುರಿದು ಎಂಟು ಮುಖ ಆಗುತ್ತದೆ. ನಮ್ಮ ದೇವಸ್ಥಾನದ ಮಂಟಪಗಳಲ್ಲಿ ಚೌಕ ಎಂಟಾಗಿ ತಿರುಗುವ ಕಂಬಗಳನ್ನು ನೋಡಿದವರಿಗೆ ಈ ತಿರುವು ಹೊಸದಲ್ಲ. ಕಂಬಕ್ಕೆ ಕೈ ಇಟ್ಟು ಆ ಮೂಲೆಯ ಏಣು ಎಲ್ಲಿ ಶುರುವಾಗುತ್ತದೆ ನೋಡಿ. ಪೀಠವೂ ಎಂಟು ಮೂಲೆಯದು.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಗುಡ್ಡವನ್ನು ಸೇನೆ ತರಬೇತಿಗೆ ವಶಪಡಿಸಿಕೊಂಡಿತ್ತು. ಸ್ಮಾರಕಕ್ಕೆ ನೂರಾರು ಗುಂಡೇಟು ಬಿದ್ದವು. ಯುದ್ಧ ಮುಗಿದ ಮೇಲೆ ದುರಸ್ತಿ ಮಾಡಿಸಿದರು. ಒಂದು ಯುದ್ಧದಲ್ಲಿ ಸತ್ತವರ ನೆನಪಿನ ಕಲ್ಲನ್ನು ಇನ್ನೊಂದು ಯುದ್ಧದ ತಯಾರಿಯಲ್ಲಿ ಗುರಿಯ ಹಲಗೆಯಂತೆ ಬಳಸಿದವರ ಬಗ್ಗೆ ಏನು ಹೇಳುವುದೋ ನಿಮಗೆ ಬಿಟ್ಟದ್ದು.

ಬರಹ ಇಂಗ್ಲಿಷ್, ಹಿಂದಿ, ಪಂಜಾಬಿ, ಉರ್ದು ಭಾಷೆಗಳಲ್ಲಿದೆ. ಸಾರಾಂಶ ಇಷ್ಟು: ಮಹಾಯುದ್ಧದಲ್ಲಿ ರಾಜ ಚಕ್ರವರ್ತಿಗಾಗಿ ಪ್ರಾಣ ಕೊಟ್ಟ ಎಲ್ಲ ಭಾರತೀಯ ಸೈನಿಕರ ನೆನಪಿಗೆ, ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂಗಳೂ ಸಿಖ್ಖರೂ ಅಗ್ನಿಯನ್ನು ಹಾದುಹೋದ ಚಿತೆಯ ಜಾಗದಲ್ಲಿ, ಕೃತಜ್ಞತೆಯಿಂದಲೂ ಸೋದರಪ್ರೀತಿಯಿಂದಲೂ ಅರ್ಪಿಸಿದ ಸ್ಮಾರಕ. ಇದನ್ನು ಓದುವಾಗ ಇಸವಿ ನೆನಪಿರಲಿ. 1921, ಅಂದರೆ ಜಲಿಯನ್‌ವಾಲಾಬಾಗ್ ಆಗಿ ಎರಡು ವರ್ಷ ತುಂಬಿರಲಿಲ್ಲ. ಇದನ್ನು ಅನಾವರಣ ಮಾಡಿದ ಯುವರಾಜ ಅದೇ ನವೆಂಬರಿನಲ್ಲಿ ಬೊಂಬಾಯಿಯಲ್ಲಿ ಇಳಿದಾಗ ಊರು ಹರತಾಳ ಹೂಡಿ ಅವನನ್ನು ಬಹಿಷ್ಕರಿಸಿತು. ಬರಹದ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಬ್ರೈಟನ್ನಿನ ದಾದಿಯರು, ವೈದ್ಯರು, ಊರವರು ತೋರಿದ ಅಕ್ಕರೆ ನಿಜವೇ ಇದ್ದೀತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ ಎನ್ನುತ್ತೇನೆ ಅಷ್ಟೇ.

ಇಷ್ಟೆಲ್ಲ ಬರೆದ ಕಲ್ಲಿನ ಮೇಲೆ ಸತ್ತವರ ಒಂದು ಹೆಸರೂ ಇಲ್ಲ. ಸುಮಾರು ತೊಂಬತ್ತು ವರ್ಷ ಹಾಗೇ ಇತ್ತು. 2010ರಲ್ಲಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಅಂದರೆ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿ ನೋಡಿಕೊಳ್ಳುವ ಸಂಸ್ಥೆ, ಹತ್ತಿರದಲ್ಲೇ 53 ಹೆಸರು ಕೆತ್ತಿದ ಬೇರೆ ಸ್ಮಾರಕ ನಿಲ್ಲಿಸಿತು. ಗುಮ್ಮಟ ನೋಡಿ ವಾಪಸ್ ಹೊರಟವರು ತಪ್ಪಿಸಿಕೊಳ್ಳುವುದು ಇದನ್ನೇ. ಅಲ್ಲಿ ನಿಂತು ಹೆಸರುಗಳನ್ನು ಒಂದೊಂದಾಗಿ ಓದಿ, ಐದು ನಿಮಿಷವೂ ಬೇಡ.

ಓದಲು ಬೇಕಾಗುವ ಪದಗಳು ಕೆಲವು. ಸಿಪಾಯಿ ಅಂದರೆ ಕಾಲಾಳು, ಸವಾರ ಅಂದರೆ ಕುದುರೆ ದಳದವನು. ನಾಯಕ್, ಹವಾಲ್ದಾರ್ ಅವರ ಮೇಲಿನ ದರ್ಜೆಗಳು. ಜಮಾದಾರ್, ಸುಬೇದಾರ್ ಭಾರತೀಯರಿಗೆ ಸಿಗುತ್ತಿದ್ದ ಅಧಿಕಾರಿ ದರ್ಜೆಗಳು. ಎಷ್ಟೇ ವಯಸ್ಸಾದ ಸುಬೇದಾರನಾದರೂ ಆಗತಾನೆ ಬಂದ ಬ್ರಿಟಿಷ್ ಹುಡುಗ ಅಧಿಕಾರಿಯ ಕೆಳಗೇ. ಯುದ್ಧದ ದಾಖಲೆಗಳಲ್ಲಿ ಫಾಲೋವರ್ ಎಂದು ಕಂಡರೆ, ಅದು ಬಂದೂಕು ಹಿಡಿಯದೆ ಸೇನೆಯ ಜೊತೆ ದುಡಿದವರ ಗುರುತು: ಅಡುಗೆಯವರು, ನೀರು ಹೊರುವವರು, ಕಸ ಗುಡಿಸುವವರು.

ಒಂದು ಹೆಸರು ಹುಡುಕಿ: ಸುಬೇದಾರ್ ಮಂಟಾ ಸಿಂಗ್, 15ನೇ ಲೂಧಿಯಾನಾ ಸಿಖ್ ದಳದವರು. 1915ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ನವ್ ಶಪೆಲ್ ಕಾಳಗದಲ್ಲಿ ಗಾಯಗೊಂಡು ಬಿದ್ದ ತಮ್ಮ ಬ್ರಿಟಿಷ್ ಅಧಿಕಾರಿ ಹೆಂಡರ್ಸನ್ ಅವರನ್ನು ಕೈಗೆ ಸಿಕ್ಕ ತಳ್ಳುಗಾಡಿಯಲ್ಲಿ ಹಾಕಿಕೊಂಡು ಸುರಕ್ಷಿತ ಜಾಗಕ್ಕೆ ತಳ್ಳಿ ತಂದರು. ತಾವೂ ಗಾಯಗೊಂಡು ಬ್ರೈಟನ್ನಿನ ಕಿಚನರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಂಡರ್ಸನ್ ಬದುಕಿದರು. ಎರಡು ಕುಟುಂಬಗಳ ಸ್ನೇಹ ಮೊಮ್ಮಕ್ಕಳವರೆಗೆ ಮುಂದುವರಿಯಿತು.

"ಮೈಸೂರಿನವರ ಹೆಸರು ಇದೆಯಾ?" ಎಂದು ಕನ್ನಡಿಗರು ತಪ್ಪದೆ ಕೇಳುತ್ತಾರೆ. ಮೈಸೂರು ಸಂಸ್ಥಾನದ ಕುದುರೆ ದಳ, ಮೈಸೂರು ಲಾನ್ಸರ್ಸ್, ಹೋರಾಡಿದ್ದು ಫ್ರಾನ್ಸ್‌ನಲ್ಲಲ್ಲ. ಅವರು ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಇದ್ದರು, 1918ರ ಸೆಪ್ಟೆಂಬರಿನಲ್ಲಿ ಜೋಧಪುರದವರ ಜೊತೆ ಹೈಫಾ ಗೆದ್ದರು. ಅವರನ್ನು ನೆನೆಯುವ ಜಾಗಗಳು ದೆಹಲಿಯ ತೀನ್ ಮೂರ್ತಿ ಮತ್ತು ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕ. ಬೆಂಗಳೂರಿನವರು ಬ್ರೈಟನ್ನಿಗೆ ಬರುವ ಮುನ್ನ ಅದನ್ನೊಮ್ಮೆ ನೋಡಿರಬಹುದಿತ್ತು ಅನ್ನಿಸುತ್ತದೆ. ಬಸ್ಸಿನಲ್ಲಿ ದಿನಾ ಅದರ ಮುಂದೆ ಹಾದುಹೋಗಿ ಹೆಸರೂ ಗೊತ್ತಿಲ್ಲದವರು ಎಷ್ಟೋ ಮಂದಿ.

ಯಾರದಾದರೂ ಪೂರ್ವಿಕರು ಆ ಯುದ್ಧದಲ್ಲಿ ತೀರಿಕೊಂಡಿದ್ದರೆ, ಅದೇ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹಾಕಿ ಉಚಿತವಾಗಿ ಹುಡುಕಬಹುದು. ಕಾಗುಣಿತ ಬದಲಿಸಿ ಬದಲಿಸಿ ನೋಡಿ. ಭಾರತೀಯ ಹೆಸರುಗಳನ್ನು ಗುಮಾಸ್ತರು ಕಿವಿಗೆ ಕೇಳಿಸಿದ ಹಾಗೆ ಬರೆದುಕೊಂಡಿದ್ದಾರೆ.

7. ಅಲ್ಲಿ ನಡೆದುಕೊಳ್ಳುವ ರೀತಿ

ಚಪ್ಪಲಿ ಬಿಡಬೇಕೆಂಬ ನಿಯಮ ಇಲ್ಲ. ಬಿಡಬೇಕೆನಿಸಿದರೆ ಬಿಡಿ, ತಣ್ಣಗಿನ ಕಲ್ಲಿಗೆ ಸಾಕ್ಸ್ ಇರಲಿ. ಹೂವು ಇಡಬಹುದು, ಆದರೆ ಅದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ವಾಪಸ್ ತನ್ನಿ. ಕರ್ಪೂರ, ಊದಿನಕಡ್ಡಿ, ಹಣತೆ ಬೇಡ. ಗಾಳಿ ಜೋರಾಗಿರುವ ಗುಡ್ಡ, ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ. ತೆಂಗಿನಕಾಯಿ ಒಡೆಯುವುದು, ಅನ್ನ ಇಡುವುದೂ ಬೇಡ. ಅದನ್ನು ತೆಗೆಯುವವರು ಅಲ್ಲಿ ಯಾರೂ ಇಲ್ಲ.

ಫೋಟೊ ತೆಗೆಯಿರಿ, ಅಡ್ಡಿಯಿಲ್ಲ. ದಕ್ಷಿಣಕ್ಕೆ ತಿರುಗಿದರೆ ಊರು, ಅದರಾಚೆ ಸಮುದ್ರ ಕಾಣುತ್ತದೆ, ಚಿತ್ರಕ್ಕೆ ಚೆನ್ನಾಗಿದೆ. ಡ್ರೋನ್ ಹಾರಿಸಬೇಡಿ, ಮೊಬೈಲಿನಲ್ಲಿ ದೇಶಭಕ್ತಿ ಗೀತೆ ಜೋರಾಗಿ ಹಾಕಬೇಡಿ. ಅಲ್ಲಿ ಚಿತೆಗೇರಿದವರು ಯಾವ ದೇಶಕ್ಕಾಗಿ ಸತ್ತರು ಎಂಬುದೇ ಸರಳ ಪ್ರಶ್ನೆಯಲ್ಲ.

8. ಇಳಿದ ಮೇಲೆ ಪೆವಿಲಿಯನ್

ಹಲವರು ಮೊದಲು ಪೆವಿಲಿಯನ್, ಆಮೇಲೆ ಹೊತ್ತಿದ್ದರೆ ಛತ್ರಿ ಎಂದುಕೊಳ್ಳುತ್ತಾರೆ. ಅರಮನೆ ಸುತ್ತಿ ಸಮುದ್ರದಂಡೆಗೆ ಹೋದ ಮೇಲೆ ಗುಡ್ಡ ಹತ್ತುವ ಮನಸ್ಸು ಯಾರಿಗೂ ಉಳಿದಿರುವುದಿಲ್ಲ. ಮೊದಲು ಗುಡ್ಡ, ಆಮೇಲೆ ಅರಮನೆ.

ಪೆವಿಲಿಯನ್ನಿನ ತೋಟಕ್ಕೆ ದುಡ್ಡಿಲ್ಲ, ಒಳಗೆ ಹೋಗಲು ಟಿಕೆಟ್ ಇದೆ. ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜನಿಗಾಗಿ ಜಾನ್ ನ್ಯಾಶ್ 1815ರಿಂದ 1823ರವರೆಗೆ ಇದಕ್ಕೆ ಈಗಿನ ರೂಪ ಕೊಟ್ಟ. ಹೊರಗೆ ಭಾರತದ ಗುಮ್ಮಟ, ಒಳಗೆ ಚೀನಾದ ಅಲಂಕಾರ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಇಲ್ಲಿ ಭಾರತೀಯ ಸೈನಿಕರ ಹಾಸಿಗೆಗಳಿದ್ದವು. ಜಾತಿ ಮತಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ, ವಾರ್ಡುಗಳಲ್ಲಿ ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿ, ತೋಟದಲ್ಲಿ ಸಿಖ್ಖರ ಪ್ರಾರ್ಥನೆಗೆ ಡೇರೆ. ಸಂಗೀತ ಸಭಾಂಗಣದ ತೂಗುದೀಪಗಳ ಕೆಳಗೆ ಸಾಲು ಹಾಸಿಗೆಯಲ್ಲಿ ರುಮಾಲು ಕಟ್ಟಿ ಕೂತವರ ಚಿತ್ರಗಳನ್ನು ಸರ್ಕಾರ ಆಗಲೇ ಎಲ್ಲೆಡೆ ಹಂಚಿತ್ತು, ಭಾರತದಲ್ಲಿ ಇನ್ನಷ್ಟು ಜನ ಸೇನೆಗೆ ಸೇರಲಿ ಎಂದು. ಅದೇ ಊರಿನ ಕಿಚನರ್ ಆಸ್ಪತ್ರೆಯ ಸುತ್ತ ಮುಳ್ಳುತಂತಿ ಹಾಕಿ, ಗಾಯಾಳುಗಳು ಪೇಟೆಗೆ ಹೋಗದಂತೆ ಕಾವಲಿಟ್ಟಿದ್ದರು ಎಂಬುದು ಚಿತ್ರಗಳಲ್ಲಿ ಇಲ್ಲ.

ತೋಟದ ದಕ್ಷಿಣ ಬಾಗಿಲನ್ನು ತಪ್ಪದೆ ನೋಡಿ. ಇಂಡಿಯಾ ಗೇಟ್ ಎನ್ನುತ್ತಾರೆ. ಭಾರತದ ರಾಜರು, ಜನರ ಕಾಣಿಕೆಯಿಂದ ಕಟ್ಟಿದ, ಗುಜರಾತಿ ಶೈಲಿಯ ಬಾಗಿಲು. 1921ರ ಅಕ್ಟೋಬರ್ 26ರಂದು ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಇದನ್ನು ತೆರೆದರು.

ಗುಡ್ಡ ಹತ್ತಲಾಗದ ಹಿರಿಯರಿಗೆ ನಾನು ಹೇಳುವುದು ಇದನ್ನೇ. ಛತ್ರಿಗೆ ಗಾಲಿಕುರ್ಚಿ ಹೋಗುವಂಥ ದಾರಿ ಇಲ್ಲ, ಮೊಣಕಾಲು ನೋವಿನವರನ್ನು ಒತ್ತಾಯ ಮಾಡಿ ಕರೆದೊಯ್ಯಬೇಡಿ. ಪೆವಿಲಿಯನ್ ತೋಟ ಸಮತಟ್ಟು, ಬೆಂಚುಗಳಿವೆ, ಹತ್ತಿರದಲ್ಲೇ ಕಾಫಿ ಸಿಗುತ್ತದೆ. ಮನೆಯ ಕಿರಿಯರು ಗುಡ್ಡಕ್ಕೆ ಹೋಗಿಬರುವವರೆಗೆ ಅಪ್ಪ ಅಮ್ಮ ಅಲ್ಲಿ ಕೂತಿರಬಹುದು.

9. ವೋಕಿಂಗ್ ಬೇರೆ ದಿನಕ್ಕೆ

ಮುಸ್ಲಿಂ ಸೈನಿಕರ ಭಾಗ ನೋಡದೆ ಈ ಕಥೆ ಪೂರ್ತಿಯಾಗುವುದಿಲ್ಲ, ಆದರೆ ಅದೇ ದಿನ ತುರುಕಬೇಡಿ. ಬ್ರೈಟನ್‌ನಿಂದ ಅಲ್ಲಿಗೆ ರೈಲು ಬದಲಿಸಿ ಹೋಗಬೇಕು. ಲಂಡನ್ ವಾಟರ್‌ಲೂನಿಂದ ಹೊರಟರೆ ಸುಮಾರು ಅರ್ಧ ಗಂಟೆ. 1889ರಲ್ಲಿ ಕಟ್ಟಿದ ಶಾಜಹಾನ್ ಮಸೀದಿ ಆ ಊರಿನಲ್ಲಿದೆ. ಹತ್ತಿರದ ಹೊರ್ಸೆಲ್ ಕಾಮನ್ ಎಂಬ ಬಯಲಿನಲ್ಲಿ ಸೈನಿಕರ ರುದ್ರಭೂಮಿ ಮಾಡಿದ್ದರು. 1960ರ ದಶಕದ ಕೊನೆಗೆ ಆ ಸಮಾಧಿಗಳನ್ನು ಬ್ರೂಕ್‌ವುಡ್ ಸೇನಾ ರುದ್ರಭೂಮಿಗೆ ಸಾಗಿಸಿದರು. ಖಾಲಿಯಾಗಿ ಹಾಳುಬಿದ್ದಿದ್ದ ಹಳೆಯ ಜಾಗವನ್ನು 2015ರಲ್ಲಿ ಶಾಂತಿ ಉದ್ಯಾನವಾಗಿ ತೆರೆದಿದ್ದಾರೆ. ಸಮಾಧಿ ಕಲ್ಲುಗಳನ್ನೇ ನೋಡಬೇಕೆಂದರೆ ಬ್ರೂಕ್‌ವುಡ್‌ಗೆ ಹೋಗಿ. ವೋಕಿಂಗ್‌ನ ಮುಂದಿನ ನಿಲ್ದಾಣ ಅದೇ, ರುದ್ರಭೂಮಿ ನಿಲ್ದಾಣದ ಪಕ್ಕದಲ್ಲಿದೆ. ಬಹಳ ದೊಡ್ಡ ಜಾಗವಾದ್ದರಿಂದ ಒಳಗಿನ ನಕ್ಷೆ ಕೈಯಲ್ಲಿಲ್ಲದೆ ಕಾಲಿಡಬೇಡಿ.